ಮಂಚದ ಮೇಲಿನ ಪರ್ವತ

ಸಮಾಜಪಾಠದ ಮೇಷ್ಟ್ರು ವಾರವಾರ ಮೈದಾಹಿಟ್ಟು ಹೊತ್ತೊಯ್ಯುವುದನ್ನು ನೋಡಿ, ಮನೆಯಲ್ಲೇ ಗುಟ್ಟಾಗಿ ಬೇಕರಿ ನಡೆಸುತ್ತಾರೆಂದು ನಾನು ನಂಬಿದ್ದೆ. ನಿಜಕ್ಕೂ ಅದು ಅಂಟಿಗೆ ಬೇಕಾದ ಹಿಟ್ಟು. ಹಳೆಯ ಪೇಪರಿಗೆ ಅಂಟು ಮೆತ್ತಿ ಅವರ ಕ್ಲಾಸಿನ ಮಕ್ಕಳು ಬೆಟ್ಟ, ಕೋಟೆ, ನದಿ ಮಾಡುತ್ತಿದ್ದರು.

ಈ ವರ್ಷ ಹೆಡ್‌ಮಾಸ್ಟರಿಗೆ ತಮ್ಮ ಸನ್ಮಾನದ ಫಲಕಗಳನ್ನು ಜೋಡಿಸಲು ಅವನ್ನೆಲ್ಲ ಇಟ್ಟಿದ್ದ ಶಾಲೆಯ ಕೋಣೆಯೇ ಬೇಕಾಯಿತು. ಮಕ್ಕಳ ಕೆಲಸ ಕಸದ ಪಾಲಾಗಬಾರದೆಂದು ಮೇಷ್ಟ್ರು ಎಲ್ಲವನ್ನೂ ತಮ್ಮ ಒಂದೇ ಕೋಣೆಯ ಮನೆಗೆ ಸಾಗಿಸಿದರು. ಪರ್ವತಕ್ಕೆ ಮಂಚ ಬಿಟ್ಟುಕೊಟ್ಟು, ತಾವು ಬಾಗಿಲ ಬಳಿ ಚಾಪೆ ಹಾಸಿಕೊಂಡರು. ಸಂಜೆ ಮಾತಾಡಲು ಯಾರೂ ಇಲ್ಲದೆ, ಬಿರುಕುಬಿಟ್ಟ ಕೋಟೆಗೆ ಅಂಟು ಸವರುತ್ತ ಕೂತಿರುತ್ತಿದ್ದರು.

ಒಂದು ದಿನ ಹೆಡ್‌ಮಾಸ್ಟರು ಬೂಟುಗಾಲಲ್ಲೇ ಒಳಗೆ ಬಂದು ಕಣ್ಣರಳಿಸಿದರು.

"ಅಲ್ರೀ ಮೇಷ್ಟ್ರೇ, ನೆಂಟರಿಷ್ಟರು ಬಂದ್ರೆ ಎಲ್ಲಿ ಮಲಗಿಸ್ತೀರಿ?"

"ಯಾರೂ ಬರಲ್ಲ ಸರ್. ಸ್ವಲ್ಪ ಆಚೆ ನಿಂತ್ಕೊಳ್ಳಿ, ಮಕ್ಕಳ ನದಿ ತುಳೀತಿದ್ದೀರಿ."