ಬಂದರಿನ ಬಾಗಿಲಲ್ಲಿ ಕುಬಸ

ಆ ಕೈಚೀಲವನ್ನು ಒಪ್ಪಿಕೊಂಡವಳು ನನ್ನ ಹೆಂಡತಿ. ಅದರ ಚಿಂತೆ ಬಿದ್ದಿದ್ದು ನನಗೆ. ನಮ್ಮ ಮನೆಯಲ್ಲಿ ಕೆಲಸದ ಹಂಚಿಕೆ ಮೊದಲಿನಿಂದಲೂ ಹೀಗೆಯೇ.

ನಾನು ಹುನಗುಂದದ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ನಿವೃತ್ತನಾದವನು. ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡಿದ ನೌಕರಿ. ಬಸ್ಸು ಒಂದು ದಿನವೂ ನನ್ನನ್ನು ಬಿಟ್ಟು ಹೋಗಲಿಲ್ಲ, ಯಾಕೆಂದರೆ ಅದು ಬರುವ ಅರ್ಧ ತಾಸು ಮೊದಲೇ ನಾನು ಸ್ಟ್ಯಾಂಡಿನಲ್ಲಿ ಇರುತ್ತಿದ್ದೆ. ಕೋರ್ಟಿನಲ್ಲಿ ಪಕ್ಷಗಾರರ ಹೆಸರನ್ನು ಮೂರು ಸಲ ಕೂಗಿಸಿ, ಬರದಿದ್ದರೆ ಗೈರು ಎಂದು ಬರೆಯುವುದು ನನ್ನ ಕೆಲಸ. ಒಂದು ನಿಮಿಷ ತಡವಾಗಿ ಏದುಸಿರು ಬಿಡುತ್ತಾ ಓಡಿ ಬಂದವರ ಮುಖಗಳನ್ನು ಸಾಕಷ್ಟು ನೋಡಿದ್ದೇನೆ. ಅಂಥ ಮುಖ ನನ್ನದಾಗಬಾರದು ಎಂಬ ಹೆದರಿಕೆ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಹೋದ ವರ್ಷ ಬಾಗಲಕೋಟೆಯ ನಿವೃತ್ತ ನೌಕರರ ಒಂದು ಗುಂಪು ಹಡಗಿನ ಪ್ರವಾಸಕ್ಕೆ ಹೊರಟಿತು. ಹೆಂಡತಿ ನನ್ನನ್ನು ಕೇಳದೆ ಇಬ್ಬರ ಹೆಸರನ್ನೂ ಕೊಟ್ಟು ಬಂದಳು. ಮುಂಬೈಯಲ್ಲಿ ಸಂಜೆ ಹತ್ತುವುದು, ಮರುದಿನ ಬೆಳಗ್ಗೆ ಒಂಬತ್ತಕ್ಕೆ ಗೋವಾದ ಬಂದರು, ಅಲ್ಲಿ ಏಳು ತಾಸು, ಮತ್ತೆ ಮುಂಬೈ. ಆ ಏಳು ತಾಸಿನಲ್ಲಿ ಬೀಚು, ಹಳೆಯ ಚರ್ಚು, ಪೇಟೆ ಎಲ್ಲ ತೋರಿಸುವುದಾಗಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದರು.

ಸುದ್ದಿ ಪಕ್ಕದ ಮನೆಗೆ ಮುಟ್ಟಿತು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಆತ ನೇಕಾರ, ಗೋಡೆಯ ಆ ಕಡೆ ಅವನ ಮಗ್ಗ, ಈ ಕಡೆ ನನ್ನ ಕುರ್ಚಿ. ಅದು ಶುರುವಾದಾಗ ನನಗೆ ಬೆಳಗಾಗುತ್ತದೆ, ನಿಂತಾಗ ಹಸಿವಾಗುತ್ತದೆ. ಅವನ ಒಬ್ಬಳೇ ಮಗಳು ಎರಡು ವರ್ಷದ ಹಿಂದೆ ಬಾದಾಮಿ ಕಡೆಯ, ಕಟ್ಟಡ ಕಟ್ಟುವ ಒಬ್ಬ ಗೌಂಡಿಯನ್ನು ತಾನೇ ಮೆಚ್ಚಿ ಮದುವೆಯಾಗಿ, ಅವನ ಕೆಲಸ ಇರುವ, ಗೋವಾದ ಬಂದರಿನ ಊರಾದ ವಾಸ್ಕೋಕ್ಕೆ ಹೋದಳು. ಅಂದಿನಿಂದ ಅಪ್ಪ ಅವಳ ಹೆಸರೆತ್ತಿಲ್ಲ. ಎತ್ತಿದವರ ಮನೆಯ ಹೊಸ್ತಿಲನ್ನೂ ತುಳಿದಿಲ್ಲ. ತಾಯಿ ಮಾತ್ರ ಹಿತ್ತಲಲ್ಲಿ ನಿಂತು ಮಗಳಿಗೆ ಫೋನು ಮಾಡುತ್ತಾಳೆ.

ಮಗಳಿಗೆ ಈಗ ಏಳನೆಯ ತಿಂಗಳು. ನಮ್ಮ ಕಡೆ ಏಳರಲ್ಲಿ ತವರಿನವರು ಹೋಗಿ ಕುಬಸ ಮಾಡಬೇಕು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ, ಬಯಕೆಯ ಬುತ್ತಿ ಉಣ್ಣಿಸಬೇಕು. ತಿಂಗಳು ದಾಟಲು ಕೆಲವೇ ದಿನ ಉಳಿದಿದ್ದಾಗ ಆ ತಾಯಿ ಸೆರಗಿನಲ್ಲಿ ಚೀಲ ಮುಚ್ಚಿಕೊಂಡು ನಮ್ಮ ಅಡುಗೆಮನೆಗೆ ಬಂದಳು. ಸೀರೆಯನ್ನು ಅಂಗಡಿಯಿಂದ ತಂದಿದ್ದಳು. ಗಂಡನ ಮಗ್ಗದ್ದಾಗಿದ್ದರೆ ಒಂದು ಕಡಿಮೆಯಾದದ್ದು ಅವನಿಗೆ ಗೊತ್ತಾಗುತ್ತಿತ್ತು. ಇದನ್ನು ಕೊರಿಯರ್ ಮಾಡಬಹುದಲ್ಲ ಎಂದು ನಾನು ಬಾಯಿ ಹಾಕಿದೆ.

"ಪಾರ್ಸಲ್ಲಿನ್ಯಾಗ ತವರು ಹೋಗೂದಿಲ್ರಿ ಅಣ್ಣಾರ," ಎಂದಳು. "ಯಾರರ ಕೈಲೆ ಉಡಿ ತುಂಬಬೇಕ್ರಿ. ಅಕ್ಕಾರು ತುಂಬಿದ್ರ ನಾ ತುಂಬಿದಂಗ."

ಗೋಡೆಯಾಚೆ ಮಗ್ಗ ಹೊಡೆದುಕೊಳ್ಳುತ್ತಲೇ ಇತ್ತು. ಅವನಿಗೆ ಗೊತ್ತಾದರೆ ಮೂವತ್ತು ವರ್ಷದ ನೆರೆಹೊರೆ ಅಂದಿಗೇ ಮುಗಿಯಿತು ಎಂದು ನಾನು ಹೇಳಹೊರಟೆ. ಹೆಂಡತಿ ಅಷ್ಟರಲ್ಲಿ ಚೀಲವನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿಯಾಗಿತ್ತು.

ಮೊದಲ ಪೆಟ್ಟು ಮುಂಬೈಯಲ್ಲೇ ಬಿತ್ತು. ಹಡಗಿಗೆ ಹೊರಗಿನ ಅಡುಗೆ ಒಯ್ಯುವಂತಿಲ್ಲವಂತೆ. ಆ ತಾಯಿ ಕಟ್ಟಿಕೊಟ್ಟಿದ್ದ, ನಾವು ಅಷ್ಟು ದೂರದಿಂದ ಜೋಪಾನ ಮಾಡಿ ತಂದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಎಲ್ಲ ತಪಾಸಣೆಯ ಮೇಜಿನ ಮೇಲೆ ಕುಳಿತವು. ಇದು ನಮ್ಮ ಊಟವಲ್ಲ, ಒಬ್ಬ ಬಸುರಿಯ ಬುತ್ತಿ ಎಂದು ಹೆಂಡತಿ ಇಳಕಲ್ಲಿನ ಹಿಂದಿಯಲ್ಲಿ ವಾದಿಸಿದಳು. ಕಾವಲಿನವನು ಕೈ ಮುಗಿದ, ಬುತ್ತಿ ಬಿಡಲಿಲ್ಲ. ಸೀರೆ, ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಪಾರಾದವು.

ಎರಡನೆಯದು ಸಮುದ್ರದಲ್ಲಿ. ಗಾಳಿ ಎದ್ದು ಹಡಗು ತೂಗಾಡಿತು. ಹೆಂಡತಿ ವಾಂತಿ ಮಾಡಿ ಮಾಡಿ ಸೋತಳು. ಬೆಳಗಾದ ಮೇಲೆ ಡಾಕ್ಟರು ಸೂಜಿ ಚುಚ್ಚಿ, ದಿನವೆಲ್ಲ ತಲೆ ಎತ್ತಬಾರದು ಎಂದು ಹೇಳಿ ಹೋದರು. ಒಂಬತ್ತಾಯಿತು, ಹನ್ನೊಂದಾಯಿತು, ಕಿಟಕಿಯಲ್ಲಿ ಬರೀ ನೀರು. ಬಂದರು ಸಿಕ್ಕಿದ್ದು ಒಂದೂವರೆಗೆ. ತಡವಾದ್ದರಿಂದ ಪ್ರವಾಸಗಳೆಲ್ಲ ರದ್ದು; ಬೇಕಾದವರು ಹಡಗಿನ ಬಸ್ಸಿನಲ್ಲಿ ಬಂದರಿನ ಬಾಗಿಲವರೆಗೆ ಹೋಗಿ ಕಾಲಾಡಿಸಿ, ನಾಲ್ಕೂವರೆಯೊಳಗೆ ವಾಪಸಾಗಬೇಕು ಎಂದು ಕೂಗಿದರು.

ನಮ್ಮ ಗುಂಪಿನವರು ಗದ್ದಲ ಎಬ್ಬಿಸಿದರು. ಆಮೇಲೆ ಊಟ ತಯಾರಾಗಿದೆ ಎಂದು ತಿಳಿದು ತಣ್ಣಗಾದರು. ನನಗೆ ಊಟ ಬೇಡವಾಗಿತ್ತು. ಉಡಿ ತುಂಬಬೇಕಾದವಳು ಹಾಸಿಗೆ ಹಿಡಿದಿದ್ದಾಳೆ, ಬುತ್ತಿ ಮುಂಬೈಯಲ್ಲಿದೆ, ಉಳಿದದ್ದು ಮೂರು ತಾಸು ಮತ್ತು ನಾನು. ಮುಂದಿನ ವಾರ ಬಸ್ಸಿಗೆ ಹೋದರಾಯಿತು ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ, ಮುಂದಿನ ವಾರಕ್ಕೆ ಎಂಟು ಬೀಳುತ್ತದೆ. ಹೆಂಡತಿ ಕಣ್ಣು ಮುಚ್ಚಿಕೊಂಡೇ, ಚೀಲ ತಗೊಂಡು ನಡೆಯಿರಿ, ಹೆಣ್ಣುಮಕ್ಕಳು ಯಾರಾದರೂ ಸಿಗುತ್ತಾರೆ ಎಂದಳು. ಸಿಗುತ್ತಾರಂತೆ, ಇದೇನು ಇಳಕಲ್ಲಿನ ಸಂತೆಯೇ ಎಂದು ನಾನು ರೇಗಿದೆ. ರೇಗಿದ್ದು ಹೆದರಿಕೆಗೆ.

ಬಂದರಿನ ಬಾಗಿಲಾಚೆ ನೋಡುವಂಥದ್ದು ಏನೂ ಇರಲಿಲ್ಲ. ಒಂದು ಉದ್ದ ಗೋಡೆ, ಕಂಟೇನರ್ ಲಾರಿಗಳ ಸಾಲು, ಭಾನುವಾರವಾದ್ದರಿಂದ ಮುಚ್ಚಿದ ಅಂಗಡಿಗಳು, ಒಂದು ಬಸ್ ತಂಗುದಾಣ. ಸಮುದ್ರ ಕೂಡ ಗೋಡೆಯ ಹಿಂದೆ ಅಡಗಿತ್ತು. ನನ್ನ ಜೊತೆ ಇಳಿದ ನಾಲ್ಕೈದು ಮಂದಿ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು, ಗೋವಾ ಮುಗಿಯಿತು ಎಂದು ಅದೇ ಬಸ್ಸಿನಲ್ಲಿ ಹಿಂತಿರುಗಿದರು.

ನೆರೆಮನೆಯ ಹುಡುಗಿಗೆ ಫೋನು ಹಚ್ಚಿದೆ. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಇಲ್ಲೇ ಕಾದು, ಹಡಗು ಬರುವುದಿಲ್ಲವೆಂದು ಮನೆಗೆ ಹೋದಳಂತೆ. ಗಂಡ ಕೆಲಸಕ್ಕೆ ಹೋಗಿದ್ದಾನೆ. ಈಗಲೇ ಬಸ್ಸು ಹಿಡಿಯುತ್ತೇನೆ ಎಂದಳು. ಆಗ ಎರಡೂಕಾಲು. ಎರಡೂಮುಕ್ಕಾಲಿಗೆ ಬಸ್ಸು ಬಂದಿಲ್ಲ ಎಂದಳು. ಮೂರಕ್ಕೆ ಫೋನು ಹತ್ತಲಿಲ್ಲ. ನಾನು ಗಡಿಯಾರ ನೋಡುವುದು, ರಸ್ತೆ ನೋಡುವುದು, ಮತ್ತೆ ಗಡಿಯಾರ. ತುಂಬಿದ ಬಸುರಿಯನ್ನು ಒಂದೇ ದಿನ ಎರಡು ಸಲ ಬಸ್ಸಿನಲ್ಲಿ ಓಡಾಡಿಸುತ್ತಿದ್ದೇನೆ. ಏನಾದರೂ ಹೆಚ್ಚುಕಡಿಮೆಯಾದರೆ ಅವಳ ತಾಯಿಗೆ ಏನು ಹೇಳಲಿ?

ತಂಗುದಾಣದಲ್ಲಿ ರಸ್ತೆ ಗುಡಿಸುವ ಮೂವರು ಹೆಂಗಸರು ಪೊರಕೆಗಳನ್ನು ಒರಗಿಸಿ ಕುಳಿತಿದ್ದರು. ಅವರಲ್ಲಿ ಹಿರಿಯಳು ಇನ್ನೊಬ್ಬಳಿಗೆ, ಈ ಮುದುಕಪ್ಪ ಯಾಕ ಹಿಂಗ ತಿರಗ್ಯಾಡಾಕ ಹತ್ತ್ಯಾನ ಎಂದಳು. ಮುಂಬೈ ಮುಟ್ಟಿದಾಗಿನಿಂದ ಹೊರಗಿನವರ ಬಾಯಲ್ಲಿ ಬರೀ ಹಿಂದಿ ಕೇಳಿದ ಕಿವಿಗೆ ಅದು ಎಂಥ ಸುಖ ಕೊಟ್ಟಿತೆಂದರೆ, ಮುದುಕ ಎಂದದ್ದಕ್ಕೆ ಬೇಸರವಾಗಲಿಲ್ಲ. ಯಾವ ಊರು ಎಂದು ಕೇಳಿದೆ. ಹಿರಿಯಳು ಬೇವೂರಿನವಳು, ಉಳಿದಿಬ್ಬರು ರಾಮಥಾಳದವರು; ಎರಡೂ ನಮ್ಮ ಕಡೆಯ ಹಳ್ಳಿಗಳೇ. ಗುಟ್ಟು ಯಾರಿಗೂ ಬಿಡುವುದಿಲ್ಲ ಎಂದು ಆ ತಾಯಿಗೆ ಮಾತು ಕೊಟ್ಟವನು, ಐದು ನಿಮಿಷದಲ್ಲಿ ಮೂವರ ಮುಂದೆ ಎಲ್ಲ ಒದರಿಬಿಟ್ಟೆ.

ಬೇವೂರಿನವಳು ಚೀಲ ಇಸಿದುಕೊಂಡು ಒಂದೊಂದೇ ಸಾಮಾನು ತೆಗೆದು ನೋಡಿದಳು. "ಎಲ್ಲಾ ಐತಲ್ರಿ," ಎಂದಳು. "ನಾವು ಮಾಡ್ತೇವಿ. ನೀವು ಅಷ್ಟ ಕುಂದರ್ರಿ, ನೋಡಿದ್ರ ನಮಗ ತಲಿ ತಿರಗತೈತಿ."

ಹುಡುಗಿ ಇಳಿದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಸೊಂಟಕ್ಕೆ ಕೈ ಕೊಟ್ಟು ನಿಧಾನ ನಡೆದು ಬಂದಳು. ನನ್ನನ್ನು ನೋಡಿ ನಕ್ಕಳು, ಆಮೇಲೆ ನನ್ನ ಹಿಂದೆ ನೋಡಿದಳು. ಅವಳು ಕಾಕು ಎಂದು ಕರೆಯುವ ನನ್ನ ಹೆಂಡತಿ ಹಡಗಿನಲ್ಲಿ ಮಲಗಿದ್ದಾಳೆ ಎಂದೆ. ನಗೆ ಅಲ್ಲೇ ಆರಿತು. ನನ್ನ ಹೆಂಡತಿಯ ಮುಖದಲ್ಲಿ ಅವಳು ತಾಯಿಯನ್ನು ನೋಡಲು ಬಂದಿದ್ದಳು. ಸಿಕ್ಕಿದವನು ಕೋರ್ಟಿನ ಮುದುಕ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದರೆ ಹೆಂಗಸರು ಅವಳಿಗೆ ಸಪ್ಪಗಾಗಲು ಬಿಡುವು ಕೊಡಲಿಲ್ಲ. ತಂಗುದಾಣದ ಕಲ್ಲುಬೆಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೂರಿಸಿದರು. ತೊಟ್ಟ ಬಟ್ಟೆಯ ಮೇಲೇ ಹಸಿರು ಸೀರೆ ಸುತ್ತಿ, ಕೆಂಪು ಸೆರಗು ಹೊದಿಸಿ, ಬಳೆ ತೊಡಿಸಿದರು. ನಾನು ಬೆನ್ನು ತಿರುಗಿಸಿ ನಿಂತು, ಹಿಂದಿನದು ಹೆಗಲ ಮೇಲಿಂದ ಕಾಣುವಂತೆ ಫೋನು ಹಿಡಿದು ಅವಳ ತಾಯಿಗೆ ವಿಡಿಯೋ ಕರೆ ಮಾಡಿದೆ. ಹಿತ್ತಲಲ್ಲಿ ವಿಡಿಯೋಗೆ ಸಾಲುವಷ್ಟು ಸಿಗ್ನಲ್ ಸಿಗದೆ ಆ ತಾಯಿ ಮನೆಯೊಳಗೆ ಬಂದು, ಅಡುಗೆಮನೆಯ ಮೂಲೆಯಲ್ಲಿ ಸೆರಗಿನೊಳಗೆ ಫೋನು ಹಿಡಿದಿದ್ದಳು. ಅವಳ ಹಿಂದೆ ಮಗ್ಗದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಕುರ್ಚಿಯಲ್ಲಿ ಕುಳಿತಂತೆಯೇ ಆಯಿತು.

ಉಡಿಗೆ ಅಕ್ಕಿ ಬೀಳುವಾಗ ಹೆಂಗಸರು ಹಾಡಿಗೆ ತೊಡಗಿದರು. ಮೆಲ್ಲಗೆ ಹಾಡಿ ಎಂದು ನಾನು ಕೈಸನ್ನೆ ಮಾಡಿದೆ. ಲಾರಿಗಳ ಗದ್ದಲದಲ್ಲಿ ದುಡಿಯುವವರಿಗೆ ಮೆಲ್ಲಗೆ ಗೊತ್ತಿಲ್ಲ. ಎರಡನೆಯ ಸಾಲಿಗೆ ಬಂದಿದ್ದರು, ಇಳಕಲ್ಲಿನಲ್ಲಿ ಮಗ್ಗ ನಿಂತಿತು.

ತಾಯಿಯ ಮುಖ ಬಿಳಿಚಿಕೊಂಡಿತು. ಪರದೆ ಕತ್ತಲಾಯಿತು, ಫೋನನ್ನು ಹೊಟ್ಟೆಗೆ ಒತ್ತಿಕೊಂಡಿರಬೇಕು. ಆದರೆ ಕರೆ ಕಡಿದಿರಲಿಲ್ಲ. ನಿಲ್ಲಿಸಿ ಎಂದು ಹೇಳಲು ತಿರುಗಿದರೆ ಹುಡುಗಿ ಕಣ್ಣು ಮುಚ್ಚಿ, ಎರಡೂ ಕೈಯಿಂದ ಉಡಿ ಹಿಡಿದು ಕುಳಿತಿದ್ದಳು. ಹಾಡು ಪೂರ್ತಿ ಮುಗಿಯಿತು. ಗೋಡೆಯಾಚೆಯ ಆ ಮನೆಯಿಂದ ಒಂದು ಕೆಮ್ಮೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗ್ಗ ಮತ್ತೆ ಶುರುವಾಯಿತು, ಕರೆ ಕಡಿಯಿತು.

ಎಳೆ ಹರಿದು ನಿಲ್ಲಿಸಿರಬಹುದು ಎಂದುಕೊಂಡೆ. ಕೇಳಿಸಿಕೊಂಡೇ ನಿಲ್ಲಿಸಿದ್ದರೆ ಆ ತಾಯಿಯ ಗತಿ ಏನು ಎಂದೂ ಅಂದುಕೊಂಡೆ. ಮೊದಲನೆಯದನ್ನು ನಂಬಲು ನನ್ನ ಸ್ವಭಾವ ಬಿಡಲಿಲ್ಲ.

ನಾಲ್ಕೂಹತ್ತು. ಹೊರಡಬೇಕು ಎಂದರೆ ಬೇವೂರಿನವಳು ತಡೆದಳು. ಬುತ್ತಿ ಉಣ್ಣಿಸದೆ ಕುಬಸ ಆಗುವುದಿಲ್ಲವಂತೆ. ತನ್ನ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಹುಡುಗಿ ಮೊದಲ ತುತ್ತಿಗೆ ಅತ್ತಳು, ಎರಡನೆಯದರಿಂದ ಹಸಿದವಳಂತೆ ಗಬಗಬ ತಿಂದಳು. ಅವಳು ಮಧ್ಯಾಹ್ನ ಉಂಡಿರಲಿಲ್ಲ ಎಂಬುದು ಆಗ ಹೊಳೆಯಿತು. ನನ್ನ ಕಣ್ಣೂ ತುಂಬಿತು, ಗಡಿಯಾರ ಕಾಣದಾಯಿತು. ತಲೆ ಮುಟ್ಟಿ, ಹುಷಾರಾಗಿರು ಎಂದು ಹೇಳಿ, ಬಸ್ಸಿಗೆ ಓಡಿದೆ. ಹಡಗಿನ ಮೆಟ್ಟಿಲಲ್ಲಿ ನನ್ನ ಕೋಣೆಯ ನಂಬರನ್ನು ಎರಡು ಸಲ ಕೂಗಿಯಾಗಿತ್ತು. ಮೂರನೆಯದಕ್ಕೆ ಹಾಜರಾದೆ, ಅದೇ ಏದುಸಿರಿನ ಮುಖ ಹೊತ್ತು.

ಹಿಂತಿರುಗುವ ದಾರಿಯಲ್ಲಿ ಹೆಂಡತಿ ಎದ್ದು ಕೂತು ಎಲ್ಲ ಕೇಳಿ ತಿಳಿದುಕೊಂಡಳು, ಸಂತೋಷಪಟ್ಟಳು. ನನಗೆ ಆ ನಿಂತ ಮಗ್ಗದ್ದೇ ಧ್ಯಾನ. ನೆರೆಮನೆಯವಳ ಫೋನು ಎರಡು ದಿನ ಸ್ವಿಚ್ ಆಫ್ ಆಗಿತ್ತು. ಮುಂಬೈಯಿಂದ ರೈಲಿನಲ್ಲಿ ಬರುವಾಗ, ಅವನು ಬೈದರೆ ಏನು ಉತ್ತರ ಕೊಡಬೇಕು ಎಂದು ಸಾಲು ಸಾಲಾಗಿ ಜೋಡಿಸಿಕೊಂಡೆ.

ಊರಿಗೆ ಬಂದ ಮರುದಿನ ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಕಾದೆ. ಗೋಡೆಯಾಚೆ ಸದ್ದಿಲ್ಲ. ಏಳಾಯಿತು, ಏಳೂವರೆಯಾಯಿತು. ಆಗ ನಮ್ಮ ಬಾಗಿಲು ಬಡಿಯಿತು. ತೆರೆದರೆ ಅವನೇ. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

ಅವನು ಹೊಸ್ತಿಲ ಹೊರಗೆ ನಿಂತು, ನೆಲ ನೋಡುತ್ತಾ ಕೇಳಿದ: "ಆ ಹೆಣ್ಣಮಕ್ಕಳು ಯಾವೂರವರ್ರಿ? ಚಲೋ ಹಾಡಿದ್ರು."

ಬೇವೂರು, ರಾಮಥಾಳ ಎಂದು ಹೇಗೋ ಹೇಳಿದೆ. ತಲೆಯಾಡಿಸಿದ. ಪೊಟ್ಟಣ ಬಿಚ್ಚಿದ. ಕೂಸಿನ ತಲೆಗೆ ಹಾಕಿ ಬೆನ್ನಿಗೆ ಇಳಿಬಿಡುವ ಕುಂಚಿಗೆ. ತನ್ನ ಮಗ್ಗದ ಕೆಂಪು ಸೆರಗಿನ ಬಟ್ಟೆಯಲ್ಲಿ ಹೊಲಿಸಿದ್ದು. ಅದನ್ನು ನನ್ನ ಕಡೆ ಚಾಚಿ, ಮತ್ತೆ ಹಡಗು ಯಾವಾಗ ಎಂದು ವಿಚಾರಿಸಿದ. ನಾನು ಗಡಿಬಿಡಿಯಲ್ಲಿ, ಅಷ್ಟಕ್ಕೆಲ್ಲ ಹಡಗು ಯಾಕೆ, ಗೋವಾಕ್ಕೆ ಬಸ್ಸು ಇದೆಯಲ್ಲ ಎಂದೆ.

"ಬಸ್ಸಾದ್ರ ಅಕಿ ಮನಿ ತನಕಾ ಹೋಗಬೇಕಾಗ್ತೈತ್ರಿ," ಎಂದ. "ಹಡಗಾದ್ರ ಬಂದರದ ಬಾಗಲದಾಗ ಕೊಟ್ಟು ಬರಬಹುದು."

ಕುಂಚಿಗೆಯನ್ನು ನಾನು ಕೈಗೆ ತೆಗೆದುಕೊಳ್ಳಲಿಲ್ಲ. ನಾನೂ ಜೊತೆಗೆ ಬರುತ್ತೇನೆ, ಅವಳ ಮನೆಯ ಬಾಗಿಲವರೆಗೆ ಹೋಗಿ ನಿಲ್ಲೋಣ, ಮುಂದಿನದು ಆಮೇಲೆ ಎಂದೆ. ಅವನು ಕುಂಚಿಗೆಯನ್ನು ಮಡಚಿ ಮತ್ತೆ ಪೊಟ್ಟಣದಲ್ಲಿಟ್ಟ. ಆಮೇಲೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಎಷ್ಟು ಹೊತ್ತಿಗೇ ಇರಲಿ, ನಾವು ಅರ್ಧ ತಾಸು ಮೊದಲೇ ಹೋಗಿರಬೇಕು ಎಂದೆ.