ಲ್ಯಾಪ್‌ಟಾಪಿಗೆ ಹಾರನ್ ಗುಂಡಿ

ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಿವಿ ಪರೀಕ್ಷಿಸುವುದು ನನ್ನ ಕೆಲಸ. ಗದ್ದಲವಿಲ್ಲದ ಕೋಣೆ ಯಾವ ಶಾಲೆಯಲ್ಲೂ ಸಿಗುವುದಿಲ್ಲ. ಹಾಗಾಗಿ ಕಾರಿನ ಗಾಜು ಏರಿಸಿಕೊಂಡು ಒಳಗೇ ಪರೀಕ್ಷೆ. ಪರೀಕ್ಷೆಯ ಸದ್ದು ಕೇಳಿಸುವ ಲ್ಯಾಪ್‌ಟಾಪನ್ನು ಮುಚ್ಚಿ ಸೀಟಿನ ಕೆಳಗೆ ಬಿಗಿಸಿ, ಮುಂದೆ ಬೇರೆ ಪರದೆ ಕೂರಿಸಿದ್ದೆ. ಆನ್ ಮಾಡುವ ಗುಂಡಿ ಮಾತ್ರ ಮುಚ್ಚಳದೊಳಗೇ ಉಳಿಯಿತು. ಪ್ರತಿ ಸಲ ಬಗ್ಗಿ, ಎಳೆದು, ತೆರೆದು ಸೊಂಟ ಬಿದ್ದುಹೋಗುತ್ತಿತ್ತು.

ಕೊಟ್ಟೂರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಚಾಚಾ ಒಬ್ಬರಿದ್ದಾರೆ. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಾರೆಂದು ಹೆಸರು. ಅವರ ಅನ್ನವೂ ಆ ಹೆಸರಿನದೇ. ಅವರು ಲ್ಯಾಪ್‌ಟಾಪ್ ಬಿಚ್ಚಿ, ಗುಂಡಿಯಿಂದ ಎರಡು ಸಣ್ಣ ವೈರು ಹೊರತಂದು, ಸ್ಟೇರಿಂಗ್ ಪಕ್ಕ ಹಳೆಯ ಬೈಕಿನ ಹಾರನ್ ಗುಂಡಿ ಕೂರಿಸಿದರು. ಒತ್ತಿದರೆ ತಾಗುತ್ತದೆ, ಬಿಟ್ಟರೆ ಬಿಡುತ್ತದೆ. ಬೇಕಾದ್ದೂ ಅಷ್ಟೆ.

ಒತ್ತಿ, ಲ್ಯಾಪ್‌ಟಾಪ್ ಪೀಂ ಎಂದ ಕೂಡಲೆ ಬಿಡಿ, ಹಿಡಿದೇ ಇದ್ದರೆ ಆಫ್ ಆಗುತ್ತದೆ ಎಂದೆ. ಒತ್ತಿದರು. ಪೀಂ ಎಂದಿತು. ಬೆರಳು ಬಿಡಲಿಲ್ಲ, ಆಫ್ ಆಯಿತು. ಎರಡನೇ ಸಲವೂ ಅದೇ. ಮೂರನೇ ಸಲ ನನಗೆ ಪಿತ್ತ ನೆತ್ತಿಗೇರಿ, ಒಂದು ಮಾತು ಎಷ್ಟು ಸಲ ಹೇಳಬೇಕು ಎಂದು ರೇಗಿದೆ.

ಅವರು ನನ್ನ ಮುಖ ನೋಡಿದರು. "ಅದು ಪೀಂ ಅಂತೈತೇನ್ರಿ, ಮೇಡಂ?"

ವರ್ಷಗಟ್ಟಲೆ ಕಿವಿ ನೋಡಿದವಳು ನಾನು. ನಾಚಿಕೆಯಾಯಿತು. ದಿನವಿಡೀ ಹಾರನ್ ಪಕ್ಕ ಕೆಲಸ ಮಾಡುವವರಿಗೆ ಮೊದಲು ತಪ್ಪಿಹೋಗುವುದು ಕೀರಲು ಸದ್ದು; ಇಂಜಿನ್ನಿನ ದಪ್ಪ ಸದ್ದು ಉಳಿದಿರುತ್ತದೆ. ನಾನೇ ಆನ್ ಮಾಡಿ, ಅವರನ್ನು ಸೀಟಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಸದ್ದು ಕೇಳಿದಾಗ ಕೈ ಎತ್ತಬೇಕು. ಮಕ್ಕಳ ಹಾಗೆಯೇ, ಸದ್ದು ಬಿಡಲು ಮೌಸ್ ಒತ್ತುವ ನನ್ನ ಬೆರಳು ನೋಡಿಕೊಂಡು ಎತ್ತುತ್ತಿದ್ದರು. ಬೆರಳು ಮರೆಮಾಡಿದೆ. ದಪ್ಪ ಸದ್ದುಗಳಿಗೆ ಕೈ ಮೇಲೇರಿತು; ಕೀರಲು ಬಂದಾಗ ತೊಡೆಯ ಮೇಲೇ ಉಳಿಯಿತು.

ಹೆಡ್‌ಫೋನ್ ತೆಗೆದು ಒಂದಿಷ್ಟು ಹೊತ್ತು ಅದನ್ನೇ ಒರೆಸಿದರು. "ಮನ್ಯಾಗ ಮೊಮ್ಮಗಳು ಏನೇನೋ ಹೇಳ್ತಾಳ್ರಿ. ಹ್ಞೂಂ ಹ್ಞೂಂ ಅಂತ ನಗ್ತೀನಿ. ಏನು ಹೇಳ್ಯಾಳಂತ ಒಂದೂ ಗೊತ್ತಾಗಂಗಿಲ್ಲ."

ಕಿವಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಅದನ್ನು ಮಡಚಿ ಜೇಬಿಗಿಟ್ಟು, ಲ್ಯಾಪ್‌ಟಾಪ್ ಆಫ್ ಮಾಡಿಸಿ, ಅದು ಆನ್ ಆದ ಕೂಡಲೆ ಹತ್ತುವಂತೆ ಹಾರನ್ ಗುಂಡಿಯ ಪಕ್ಕ ಸಣ್ಣದೊಂದು ಕೆಂಪು ದೀಪ ಜೋಡಿಸಿದರು. ನನಗೆ ಅದು ಬೇಕಿರಲಿಲ್ಲ. ಬೇಡ ಎನ್ನಲಿಲ್ಲ.

ಅವರೇ ಒತ್ತಿದರು. ದೀಪ ಹತ್ತಿತು. ಬೆರಳು ಬಿಟ್ಟರು.