ಸಾವಂತ್ರೆವ್ವ ಮತ್ತು ಬೀಗರ ತಾಟು

ನಿವೃತ್ತನಾಗಿ ಗೋಕಾಕದ ಈ ಓಣಿಗೆ ಮನೆ ಬದಲಿಸಿದ ಮರುದಿನ ಬೆಳಿಗ್ಗೆ ನಾನು ಸಾವಂತ್ರೆವ್ವನನ್ನು ಮೊದಲ ಬಾರಿ ನೋಡಿದೆನು. ಕಸದ ಗಾಡಿ ಹಾಡು ಹಚ್ಚಿಕೊಂಡು ಬಂದು ನಿಂತಿತ್ತು. ನಾನು ಬಕೀಟು ಹಿಡಿದು ಹೊರಗೆ ಬಂದಾಗ ಇಬ್ಬರು ಹೆಂಗಸರು ನಡುರಸ್ತೆಯಲ್ಲಿ ಒಂದೇ ಪ್ಲಾಸ್ಟಿಕ್ ಚೀಲವನ್ನು ಎರಡೂ ಕಡೆಯಿಂದ ಜಗ್ಗುತ್ತಿದ್ದರು. ಚೀಲ ಹರಿದು ರೊಟ್ಟಿ, ಅನ್ನ, ಬದನೆಕಾಯಿ ಪಲ್ಯ ಎಲ್ಲವೂ ರಸ್ತೆಗೆ ಬಿದ್ದವು.

"ನಿನ್ನಿ ರೊಟ್ಟಿ ಇವತ್ತ ಕಸಾ ಆತೇನ ಲಕ್ಕವ್ವಾ?" ಎಂದಳು ಇಬ್ಬರಲ್ಲಿ ಎತ್ತರದವಳು. ಅವಳೇ ಸಾವಂತ್ರೆವ್ವ.

"ನಮ್ಮ ಮನಿ ರೊಟ್ಟಿ, ನಮ್ಮ ಮನಿ ಕಸಾ. ನಿನ್ನ ಗಂಟೇನ ಹೋತು?" ಎಂದು ಎದುರು ಮನೆಯ ಲಕ್ಕವ್ವ ಸೊಂಟದ ಮೇಲೆ ಕೈಯಿಟ್ಟಳು.

ಸಾವಂತ್ರೆವ್ವ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಹೊಸದಾಗಿ ಬಂದ ಮಾಸ್ತರು ನೀವೇ ಏನು ಎಂದು ಕೇಳಿ, ಬಕೀಟನ್ನು ಕೆಳಗಿಡಿಸಿ, ಬಗ್ಗಿ ನೋಡಿದಳು. ಚಹಾದ ಚರಟವನ್ನು ಗಿಡಕ್ಕೆ ಹಾಕಬೇಕೆಂದು ಹೇಳಿ ಹೊರಟುಹೋದಳು. ನಮಸ್ಕಾರವೂ ಇಲ್ಲ, ಊರು ಯಾವುದೆಂಬ ವಿಚಾರಣೆಯೂ ಇಲ್ಲ.

ಆಕೆಯ ಮನೆಯಿಂದ ಕಸದ ಗಾಡಿಗೆ ಹೋಗುವುದು ಬಹಳ ಕಡಿಮೆ. ಕಾಯಿಪಲ್ಲೆಯ ಸಿಪ್ಪೆ ಹಿಂದಿನ ಓಣಿಯ ಎಮ್ಮೆಗೆ, ಉಳಿದದ್ದು ಹಿತ್ತಿಲಿನ ತೂತು ಕೊರೆದ ಡ್ರಮ್ಮಿಗೆ. ಮಿಕ್ಕ ರೊಟ್ಟಿಯನ್ನು ಬಿಸಿಲಿಗೆ ಒಣಗಿಸಿ ಗರಿಗರಿ ಕಟಕ್ ರೊಟ್ಟಿ ಮಾಡಿ ಇಡುವಳು. ಹಳೆಯ ಸೀರೆಗಳು ಕೌದಿಯಾಗುವವು. ಗಂಡ ಯಲ್ಲಪ್ಪ ಅಂಗಡಿಯಿಂದ ಏನನ್ನಾದರೂ ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಅವನನ್ನು ಹೊಸ್ತಿಲಿನಿಂದಲೇ ತಿರುಗಿಸಿ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟಕ್ಕೇ ಓಣಿ ಆಕೆಯನ್ನು ದ್ವೇಷಿಸುತ್ತಿರಲಿಲ್ಲ. ಆಕೆ ಬೇರೆಯವರ ಬಕೀಟಿನಲ್ಲಿಯೂ ಕೈ ಹಾಕುತ್ತಿದ್ದಳು. 'ಕಸದವ್ವ' ಎಂದು ಹೆಸರಿಟ್ಟಿದ್ದರು. ಒಮ್ಮೆ ಯಾರೋ ಒಂದು ಬುಟ್ಟಿ ಹೊಲಸನ್ನು ಆಕೆಯ ಕಟ್ಟೆಯ ಮೇಲೆ ಸುರಿದು ಹೋದರು. ಆಕೆ ಅದನ್ನು ಕೆದಕಿ, ಯಾರ ಮನೆಯದೆಂದು ಗುರುತಿಸಿ, ಅವರ ಕಟ್ಟೆಗೇ ಮರಳಿ ಸುರಿದು ಬಂದಳು.

ಈ ಹಟದ ಮೂಲ ಆಕೆಯ ತವರಿನಲ್ಲಿತ್ತು. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಣ್ಣನ ಹೊಲವಿದೆ. ಪಕ್ಕದ ತಗ್ಗಿನಲ್ಲಿ ಮದುವೆಮನೆಗಳ ಮಿಕ್ಕ ಊಟವನ್ನೂ ಪ್ಲಾಸ್ಟಿಕ್ ಲೇಪದ ತಟ್ಟೆಗಳನ್ನೂ ತಂದು ಸುರಿಯತೊಡಗಿದರು. ನಾಯಿಗಳು ಸೇರಿದವು, ಹೊಗೆ ಎದ್ದಿತು, ಕೊನೆಗೆ ಅಣ್ಣನ ಬಾವಿಯ ನೀರು ಬಾಯಿಗಿಡಲಾಗದಂತಾಯಿತು. ತಾಟು ತೊಳೆದ ನೀರನ್ನೂ ಪ್ರಸಾದವೆಂದು ಕುಡಿಯುವ ಮನೆಯಲ್ಲಿ ಬೆಳೆದವಳು ಆಕೆ. ಆ ತಗ್ಗಿನಲ್ಲಿ ಹೋಳಿಗೆ ಕೊಳೆಯುವುದನ್ನು ನೋಡಿ ಬಂದ ಮೇಲೆ ಆಕೆಯ ನಾಲಿಗೆ ಹರಿತವಾಯಿತೆಂದು ಯಲ್ಲಪ್ಪ ಹೇಳುತ್ತಿದ್ದನು.

ರಾಶಿಬಿದ್ದ ಅನ್ನ ಗಾಳಿಯಾಡದೆ ಕೊಳೆತರೆ ಅದರಿಂದ ಹೊರಡುವ ಅನಿಲವು ಭೂಮಿಯನ್ನೇ ಕಾಯಿಸುತ್ತದೆ, ಮಳೆಯ ಹದ ತಪ್ಪುವುದಕ್ಕೆ ಅದೂ ಒಂದು ಕಾರಣ ಎಂದು ನಾನು ಒಂದು ದಿನ ಮಾತಿಗೆ ಹೇಳಿದೆನು. ಆ ವರ್ಷ ಘಟಪ್ರಭೆಯ ನೀರು ಓಣಿಯ ಬಾಯಿಯವರೆಗೆ ಬಂದು ಹೋಗಿತ್ತು. ಸಾವಂತ್ರೆವ್ವ ನೆಟ್ಟಗೆ ಲಕ್ಕವ್ವನ ಬಾಗಿಲಿಗೆ ಹೋಗಿ, ಹೊಳೆ ಬಂದದ್ದು ನಿನ್ನ ರೊಟ್ಟಿಯಿಂದ ಎಂದು ಹೇಳಿಬಿಟ್ಟಳು. ಆ ಜಗಳ ಬಿಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಆಕೆಯ ಒಬ್ಬಳೇ ಮಗಳು ಪೂನಮ್. ಮೂಡಲಗಿಯ ಶ್ರೀಶೈಲ ಎಂಬ ಹುಡುಗನನ್ನು ಮಗಳೇ ಮೆಚ್ಚಿದ್ದಳು, ಎರಡೂ ಮನೆಯವರು ಒಪ್ಪಿದ್ದರು. ನಿಶ್ಚಯದ ಊಟ ಗೋಕಾಕದಲ್ಲಿ, ಹೆಣ್ಣಿನವರ ಮನೆಯಲ್ಲಿಯೇ ಆಯಿತು. ಸ್ಟೀಲಿನ ತಾಟು, ಬೇಕೆಂದವರಿಗೆ ಮಾತ್ರ ಎರಡನೆಯ ಹೋಳಿಗೆ. ನಮ್ಮ ಕಡೆ ಬೀಗರ ಊಟದ ರೀತಿ ಇದಕ್ಕೆ ತಿರುಗುಮುರುಗು. ಬೀಗರು ಬೇಡ ಬೇಡ ಎಂದು ಕೈ ಅಡ್ಡ ಹಿಡಿಯಬೇಕು, ಹೆಣ್ಣಿನವರು ಆ ಕೈಯ ಮೇಲೆಯೇ ಬಡಿಸಬೇಕು. ತಾಟಿನಲ್ಲಿ ಒಂದಿಷ್ಟು ಉಳಿಯಲೇಬೇಕು. ಉಳಿಯದಿದ್ದರೆ ಬಡಿಸಿದವರಿಗೆ ಕೈ ಸಾಲಲಿಲ್ಲವೆಂದು ಆಡಿಕೊಳ್ಳುವರು.

ವರನ ದೊಡ್ಡಪ್ಪ ಗುರಸಿದ್ದಪ್ಪ ಮೂಡಲಗಿಯ ದೊಡ್ಡ ವ್ಯಾಪಾರಿ. ಆತ ಕೇಳಿ ಕೇಳಿ ಹಾಕಿಸಿಕೊಂಡು, ಎರಡು ಹೋಳಿಗೆ ಮತ್ತು ಅರ್ಧ ತಾಟು ಅನ್ನ ಬಿಟ್ಟು ಎದ್ದನು. ಕೈತೊಳೆಯುವ ಜಾಗದಲ್ಲಿ ಸಾವಂತ್ರೆವ್ವ ಅಡ್ಡ ನಿಂತಿದ್ದಳು.

"ಬೀಗರ, ಕೇಳಿ ಹಾಕಿಸ್ಕೊಂಡೀರಿ. ಉಂಡ ಏಳ್ರಿ."

ಮೊದಲು ಆತ ಚೇಷ್ಟೆಯೆಂದು ನಕ್ಕನು. ಆಕೆ ಸರಿಯಲಿಲ್ಲ.

"ಏನ್ರಿ ಬೀಗತಿ, ತಾಟ ನೆಕ್ಕಾಕ ನಾವೇನ ಉಪವಾಸ ಬಂದೇವೇನ?"

"ನೀವು ಬಿಟ್ಟ ಮರ್ಯಾದಿ ನಮ್ಮಣ್ಣನ ಬಾವ್ಯಾಗ ಕೊಳಿಯಾಕತ್ತೈತ್ರಿ."

ಮೂಡಲಗಿಯವರು ಎಲೆ ಅಡಿಕೆಯನ್ನೂ ಮುಟ್ಟದೆ ಗಾಡಿ ಹತ್ತಿದರು. ಯಲ್ಲಪ್ಪ ಅವರ ಹಿಂದೆ ಓಡಿದನು. ಲಕ್ಕವ್ವ ತನ್ನ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ನಕ್ಕಳು.

ಪೂನಮ್ ಬಿಕ್ಕುತ್ತ ಒಂದೇ ಮಾತು ಕೇಳಿದಳು: "ಅವ್ವಾ, ನಿನಗ ಕಸಾ ಹೆಚ್ಚೋ ನಾ ಹೆಚ್ಚೋ?" ತಾಯಿ ಎಂಜಲು ತಾಟುಗಳನ್ನು ಎತ್ತತೊಡಗಿದಳು. ಅಂದಿನಿಂದ ಮಗಳು ಮಾತು ಬಿಟ್ಟಳು.

ಕೆಲವು ದಿನಗಳ ಮೇಲೆ ಹೇಳಿಕೆ ಬಂದಿತು. ಹುಡುಗಿಯ ತಾಯಿ ಮೂಡಲಗಿಗೆ ಬಂದು ತಪ್ಪಾಯಿತೆನ್ನಬೇಕು, ಅಲ್ಲಿಯೇ ಊಟ ಮಾಡಿ ಹೋಗಬೇಕು. ಇಲ್ಲವಾದರೆ ಸಂಬಂಧ ಮುರಿದಂತೆ. ಸಾವಂತ್ರೆವ್ವ ಹೋಗುತ್ತೇನೆಂದಳು. ಹಿರಿಯರೆಂದು ನನ್ನನ್ನೂ ಕರೆದುಕೊಂಡರು. ಬಸ್ಸಿನಲ್ಲಿ ಆಕೆ ನನಗೆ ಹೇಳಿದ್ದು ಇಷ್ಟೇ: ಅಡ್ಡ ನಿಂತದ್ದು ತಪ್ಪೆಂದು ಹೇಳುತ್ತೇನೆ, ಆತ ಊಟ ಬಿಟ್ಟದ್ದು ಸರಿಯೆಂದು ಹೇಳುವುದಿಲ್ಲ.

ಗುರಸಿದ್ದಪ್ಪನ ಪಡಸಾಲೆಯಲ್ಲಿ ಹತ್ತಾರು ಗಂಡಸರು ಸೇರಿದ್ದರು. ಸಾವಂತ್ರೆವ್ವ ಕೈಮುಗಿದು, ನಾಲ್ಕು ಜನರ ಮುಂದೆ ಅಡ್ಡ ನಿಂತು ಮಾತಾಡಿದ್ದು ತಪ್ಪೆಂದಳು. ಆತ ತಲೆಯಾಡಿಸಿ ಊಟಕ್ಕೆ ಕುಳ್ಳಿರಿಸಿದನು. ನಮ್ಮ ಜೊತೆಗೆ ಆ ಗಂಡಸರದೂ ಪಂಕ್ತಿಯಾಯಿತು.

ಆಮೇಲೆ ತಾಟಿಗೆ ಹೋಳಿಗೆ ಬೀಳತೊಡಗಿದವು. ಆಕೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹಾಕಿದರು, ಅದರ ಮೇಲೆ ತುಪ್ಪ ಸುರಿದರು. "ಇನ್ನೊಂದ ಹಾಕ್ರಿ. ಬೀಗತಿ ಏನೂ ಬಿಡೂದಿಲ್ಲ" ಎಂದು ಗುರಸಿದ್ದಪ್ಪ ಹೇಳಿದಾಗಲೆಲ್ಲ ಗಂಡಸರು ನಗುತ್ತಿದ್ದರು. ಬಿಟ್ಟು ಎದ್ದರೆ ತನ್ನ ಮಾತನ್ನು ತಾನೇ ನುಂಗಿದಂತೆ. ಸಾಕೆಂದು ಸಿಟ್ಟು ಮಾಡಿದರೆ ಮಗಳ ಮದುವೆ ಹೋದಂತೆ. ಆಕೆ ತಲೆ ತಗ್ಗಿಸಿ ತಿನ್ನುತ್ತಲೇ ಇದ್ದಳು. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ಯಲ್ಲಪ್ಪ ಗೋಡೆಯ ಕಡೆ ನೋಡುತ್ತ ಕುಳಿತಿದ್ದನು. ಅಷ್ಟು ಶಾಂತವಾದ ಕ್ರೌರ್ಯವನ್ನು ನಾನು ಊಟದ ಪಂಕ್ತಿಯಲ್ಲಿ ಎಂದೂ ಕಂಡಿರಲಿಲ್ಲ.

ಒಳಗಿನಿಂದ ವರನ ತಾಯಿ ದಾಕ್ಷಾಯಿಣಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಖಾಲಿ ಬುಟ್ಟಿ.

"ಭಾವಾರ, ಹೋಳಿಗಿ ಮುಗದಾವ್ರಿ. ಒಳಗ ಹೆಂಗಸರು ಯಾರೂ ಇನ್ನ ಉಂಡಿಲ್ಲ."

ಮತ್ತೆ ಮಾಡಿರಿ ಎಂದನು ಗುರಸಿದ್ದಪ್ಪ. ಹೂರಣವೂ ಮುಗಿದಿದೆ ಎಂದಳು ಆಕೆ.

ಸಾವಂತ್ರೆವ್ವ ತಲೆಯೆತ್ತಿ ಪಂಕ್ತಿಯ ಉದ್ದಕ್ಕೂ ನೋಡಿದಳು. ಪ್ರತಿಯೊಬ್ಬ ಗಂಡಸಿನ ತಾಟಿನಲ್ಲಿಯೂ ಹೋಳಿಗೆ ಮುರಿದು ಬಿದ್ದಿತ್ತು. ದಾಕ್ಷಾಯಿಣಿಯೂ ಆ ಕಡೆಯೇ ನೋಡಿದಳು. ನಂತರ ಬುಟ್ಟಿಯನ್ನು ಕೆಳಗಿಟ್ಟು, ಸಾವಂತ್ರೆವ್ವನ ಎದುರು ಕುಳಿತು, ಆಕೆಯ ತಾಟಿನ ಮೇಲಿನ ಹೋಳಿಗೆಯನ್ನು ತೆಗೆದುಕೊಂಡು ತಿನ್ನತೊಡಗಿದಳು.

"ಎಂಜಲ ಅಲ್ಲೇನ ಅದು?" ಎಂದಳು ಬಾಗಿಲ ಸಂದಿಯಿಂದ ಒಬ್ಬ ಮುದುಕಿ.

"ಬೀಗತಿ ತಾಟ. ಎಂಜಲ ಎಲ್ಲಿಂದ ಬಂತು. ನನಗ ಹಸಿವ್ಯಾಗೇತಿ" ಎಂದಳು ದಾಕ್ಷಾಯಿಣಿ.

ಇಬ್ಬರೂ ಸೇರಿ ತಾಟು ಮುಗಿಸಿದರು. ಗುರಸಿದ್ದಪ್ಪ ಎದ್ದು ಅಂಗಡಿಗೆ ಹೋದನು. ಹುಡುಗನ ತಾಯಿಯೇ ಒಂದೇ ತಾಟಿನಲ್ಲಿ ಉಂಡ ಮೇಲೆ ಸಂಬಂಧ ಮುರಿಯಿತೆಂದು ಹೇಳುವ ಬಾಯಿ ಆ ಮನೆಯಲ್ಲಿ ಉಳಿಯಲಿಲ್ಲ. ಆದರೆ ಆತ ಒಂದು ಕರಾರು ಹೇಳಿ ಕಳುಹಿಸಿದನು: ಮದುವೆಯ ದಿನ ಆಕೆ ಕೈತೊಳೆಯುವ ಜಾಗದ ಕಡೆ ಸುಳಿಯಕೂಡದು.

ಸಾವಂತ್ರೆವ್ವ ಒಪ್ಪಿ, ಹಾಗೆಯೇ ನಡೆದಳು. ಕಳೆದ ವೈಶಾಖದಲ್ಲಿ ಮದುವೆಯಾಯಿತು. ಹಂದರದ ಹಿಂದೆ ಎಂಜಲಿನ ಡಬ್ಬಿಗಳು ತುಂಬಿ ಚೆಲ್ಲುತ್ತಿದ್ದವು. ಆಕೆ ಹಂದರದಲ್ಲಿ ಅತ್ತ ಬೆನ್ನು ಮಾಡಿ ಕುಳಿತಿದ್ದಳು. ಪೂನಮ್ ಈಗ ತಾಯಿಯೊಡನೆ ಮಾತಾಡುತ್ತಾಳೆ, ಆದರೆ ಮೊದಲಿನಂತಲ್ಲ. ಗುರಸಿದ್ದಪ್ಪ ಇಂದಿಗೂ ಆಕೆಯ ಮುಖ ನೋಡುವುದಿಲ್ಲ.

ಈಗ ಸಾವಂತ್ರೆವ್ವ ಕೈತೊಳೆಯುವ ಜಾಗದಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಯಾರ ಮನೆಯ ಕಾರ್ಯವಿದ್ದರೂ, ಕರೆಯಲಿ ಬಿಡಲಿ, ನೆಟ್ಟಗೆ ಅಡುಗೆಮನೆಗೆ ಹೋಗುತ್ತಾಳೆ. ಒಳಗಿನ ಹೆಂಗಸರ ಊಟ ತೆಗೆದಿಡುವವರೆಗೂ ಒಂದು ಹೋಳಿಗೆಯನ್ನೂ ಹೊರಗೆ ಬಿಡುವುದಿಲ್ಲ. ಪಂಕ್ತಿಯಲ್ಲಿ ಕೈಯ ಮೇಲೆ ಸುರಿಯುವಷ್ಟು ಉಳಿಯುವುದೇ ಇಲ್ಲ. ಗಂಡಸರು ಹೊರಗಿನಿಂದ ಬಯ್ಯುತ್ತಾರೆ. ಹೆಂಗಸರೂ ಬಯ್ಯುತ್ತಾರೆ, ಉಣ್ಣುತ್ತ ಬಯ್ಯುತ್ತಾರೆ.

ಹೋದ ವಾರ ಲಕ್ಕವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಓಣಿಯಲ್ಲಿ ಸಾವಂತ್ರೆವ್ವನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆದಿದ್ದರು.

"ಕರೀದ ಬಂದೀಯಲ್ಲ, ನಾಚಿಕಿ ಬರೂದಿಲ್ಲೇನ?" ಎಂದಳು ಲಕ್ಕವ್ವ.

"ಬರತೈತಿ. ಬುಟ್ಟಿ ಎಲ್ಲೈತಿ?" ಎಂದಳು ಸಾವಂತ್ರೆವ್ವ.

ನಾವು ಗಂಡಸರು ಹೊರಗೆ ತಾಟಿನ ಮುಂದೆ ಕಾಯುತ್ತಿದ್ದೆವು. ಆಕೆ ಅಡುಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ಮಣೆ ಹಾಕಿಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಣಂತಿಗೆ ಮೊದಲು ಬಡಿಸುತ್ತಿದ್ದಳು.